ಹಿರಾನುಮಾ ಯಜಮಾನರ ಕ್ರಿಸ್ಟಲ್ ಅಂಗಡಿ

ಒಸಾಕಾದ ನಿಪ್ಪೊಂಬಾಶಿ ಬೀದಿಯಲ್ಲಿ ಹಿರಾನುಮಾ ತೊಕುಜಿಯವರಷ್ಟು ಬೈಯುವ ಅಂಗಡಿಯವರು ಇನ್ನೊಬ್ಬರಿರಲಿಲ್ಲ. ಮನೆಯಿಂದಲೇ ರೇಡಿಯೊದಲ್ಲಿ ಒಬ್ಬರಿಗೊಬ್ಬರು ಮಾತಾಡುವ ನಮ್ಮಂಥ ಹವ್ಯಾಸಿಗಳಿಗೆ ಕ್ರಿಸ್ಟಲ್, ಅಂದರೆ ತರಂಗವನ್ನು ಒಂದೇ ಕಡೆ ಹಿಡಿದಿಡುವ ಸ್ಫಟಿಕದ ಬಿಲ್ಲೆ, ಅರೆದುಕೊಡುವುದು ಅವರ ಕಸುಬು. ಆಗ ನಮ್ಮ ರೇಡಿಯೊಗಳಲ್ಲಿ ಒಂದೊಂದು ಚಾನೆಲ್ಲಿಗೂ ಬೇರೆಬೇರೆ ಕ್ರಿಸ್ಟಲ್ ಬೇಕಿತ್ತು. ಹೊಸ ಚಾನೆಲ್ ಬೇಕೆಂದರೆ ಅವರ ಮುಂದೆ ಕೈಕಟ್ಟಿ ನಿಲ್ಲಬೇಕು. ಅವರು ಕೂರಿಸಿ, ಚಹಾ ಕೊಟ್ಟು, ನಮ್ಮ ಹೊಟ್ಟೆಯಿಂದ ಹಿಡಿದು ಆಂಟೆನಾವರೆಗೆ ಎಲ್ಲವನ್ನೂ ಆಡಿಕೊಂಡು, ವಾರ ಬಿಟ್ಟು ಬಾ ಎನ್ನುತ್ತಿದ್ದರು.

ಎಪ್ಪತ್ತರ ದಶಕದಲ್ಲಿ ಸಿಂಥೆಸೈಜರ್ ಇರುವ ರೇಡಿಯೊ ಬಂತು. ಗುಂಡಿ ತಿರುಗಿಸಿದರೆ ಸಾಕು, ಬೇಕಾದ ಚಾನೆಲ್; ಕ್ರಿಸ್ಟಲ್ ಮಾಡಿಸುವ ಗೋಜಿಲ್ಲ. ಕ್ಷೌರದಂಗಡಿಯ ಈ ಉನ್ನೊ, ಅಂದರೆ ನಾನು, ಮೊದಲ ತಿಂಗಳೇ ಕದ್ದುಮುಚ್ಚಿ ಒಂದನ್ನು ಕೊಂಡೆ. ಸಾರ್ವಜನಿಕ ಸ್ನಾನಗೃಹ ನಡೆಸುವ ಸಾಕಾಮಾಕಿಯೂ ಕೊಂಡ. ಯಜಮಾನರಿಗೆ ಹೇಳುವ ಧೈರ್ಯ ಮಾತ್ರ ಇಬ್ಬರಿಗೂ ಇರಲಿಲ್ಲ. ಗಿರಾಕಿಗಳು ಕೈಬಿಟ್ಟರೆ ಬಾಗಿಲು ಹಾಕಿ ತಂಗಿಯ ಊರಿಗೆ ಹೊರಟುಬಿಡುತ್ತೇನೆಂದು ಅವರು ಮೊದಲೇ ಸಾರಿದ್ದರು. ಅವರಿಲ್ಲದ ಬೀದಿಯನ್ನು ನೆನೆಸಿಕೊಂಡರೇ ನನಗೆ ಬೇಸರವಾಗುತ್ತಿತ್ತು. ಹಾಗಾಗಿ ತಿಂಗಳಿಗೊಂದು ಕ್ರಿಸ್ಟಲ್ ಮಾಡಿಸುವುದು, ಮನೆಗೆ ತಂದು ಡ್ರಾಯರಿಗೆ ಎಸೆಯುವುದು, ಸಿಂಥೆಸೈಜರಿನಲ್ಲೇ ಮಾತಾಡುವುದು.

ಒಂದು ಭಾನುವಾರ ಬೆಳಿಗ್ಗೆ ಎಲ್ಲರೂ ರೇಡಿಯೊದಲ್ಲಿ ಸೇರಿದ್ದೆವು. ನನಗೆ ಬಾಯಿ ಸುಮ್ಮನಿರಬೇಕಲ್ಲ!

"ಯಜಮಾನ್ರೇ, ನಿಮ್ಮ ಹೊಸ ಕ್ರಿಸ್ಟಲ್ ಹಾಕ್ಕೊಂಡೇ ಮಾತಾಡ್ತಾ ಇದೀನಿ. ಹೇಗಿದೆ?"

"ಬಹಳ ಚೆನ್ನಾಗಿದೆ ಕಣಯ್ಯ. ನಿನ್ನ ತರಂಗ ತೋರಿಸೋ ಮೀಟರಿನ ಮುಳ್ಳು ಸರಿಯಾಗಿ ಮಧ್ಯಕ್ಕೇ ನಿಂತಿದೆ."

"ಎಲ್ಲಾ ನಿಮ್ಮ ಕೈಗುಣ!"

"ಅದಕ್ಕೇ ಅನುಮಾನ. ಮೂವತ್ತು ವರ್ಷದಲ್ಲಿ ನಾನು ಅರೆದಿದ್ದು ಒಂದೂ ಇಷ್ಟು ನೆಟ್ಟಗೆ ಕೂತಿಲ್ಲ. ಚಳಿಗಾಲದಲ್ಲಂತೂ ಕ್ರಿಸ್ಟಲ್ ಆಚೀಚೆ ಸರಿದು ನಿನ್ನ ದನೀನ ಹುಡುಕ್ಕೊಂಡು ಹೋಗ್ಬೇಕಿತ್ತು. ಉನ್ನೊ, ಆ ಕ್ರಿಸ್ಟಲ್ ಡಬ್ಬಿ ಒಡೆದು ನೋಡು."

ಡ್ರಾಯರಿನಿಂದ ಆ ಪುಟ್ಟ ಲೋಹದ ಡಬ್ಬಿ ತೆಗೆದು ಇಕ್ಕಳದಿಂದ ಒಡೆದೆ. ಒಳಗೆ ಒಂದು ಅಕ್ಕಿ ಕಾಳು.

ಹೇಳಿದೆ. ಸಾಕಾಮಾಕಿ ಬಿದ್ದುಬಿದ್ದು ನಕ್ಕ.

"ನಗಬೇಡ್ವೋ ಸಾಕಾಮಾಕಿ, ನಿಂದ್ರಲ್ಲೂ ಅದೇ ಇದೆ. ಏಪ್ರಿಲ್‌ನಲ್ಲೇ ನನಗೆ ಅನುಮಾನ ಬಂತು. ಅವತ್ತಿಂದ ನಿಮಗೆಲ್ಲ ಅಕ್ಕಿನೇ ಕೊಡ್ತಾ ಇದೀನಿ. ಒಬ್ಬನಾದ್ರೂ ಕೆಲಸ ಮಾಡ್ತಿಲ್ಲ ಅಂತ ಬಂದ್ನಾ?"

ಒಬ್ಬರೂ ಹೋಗಿರಲಿಲ್ಲ.

"ಅಂದ್ರೆ ನನ್ನ ಕೆಲಸ ಯಾರಿಗೂ ಬೇಡ ಅಂತಾಯ್ತು. ನಾಳೆಯಿಂದ ಅಂಗಡಿ ಇಲ್ಲ," ಎಂದರು ಯಜಮಾನರು. ದನಿಯಲ್ಲಿ ತಮಾಷೆ ಇರಲಿಲ್ಲ.

"ಮುಚ್ಬೇಡಿ ಯಜಮಾನ್ರೇ!" ನಾನು ಕೂಗಿದೆ. "ನಾವು ಬರ್ತಿದ್ದಿದ್ದು ಕ್ರಿಸ್ಟಲ್‌ಗಲ್ಲ."

"ಮತ್ತ್ಯಾಕೆ ಬರ್ತಿದ್ರಿ?"

"ನಿಮ್ಮ ಹತ್ರ ಬೈಸ್ಕೊಳ್ಳೋಕೆ."

ಯಜಮಾನರು ಟಕ್ಕನೆ ರೇಡಿಯೊ ಆರಿಸಿಬಿಟ್ಟರು.

ಸೋಮವಾರ ಬೆಳಿಗ್ಗೆಯೇ ಓಡಿದೆ. ಅಂಗಡಿ ತೆರೆದಿತ್ತು. ಅರೆಯುವ ಯಂತ್ರ ಹೊರಗೆ ಗುಜರಿಯವನ ಗಾಡಿಯಲ್ಲಿತ್ತು. ಒಳಗೆ ಯಜಮಾನರು ಹೊಚ್ಚಹೊಸ ಸಿಂಥೆಸೈಜರ್ ರೇಡಿಯೊವೊಂದನ್ನು ಬಿಚ್ಚಿ ಹರಡಿಕೊಂಡು, ಅದನ್ನು ಮಾಡಿದವರಿಗೆ ಬಾಯಿತುಂಬ ಬೈಯುತ್ತಿದ್ದರು. ನನಗೆ ಅಳು ಬರುವಷ್ಟು ಸಂತೋಷವಾಯಿತು.

"ಬಂದ್ಯಾ ಕಳ್ಳ?" ತಲೆಯೆತ್ತದೆಯೇ ಕೇಳಿದರು. "ಹೋಗಿ ನಿಂದೂ ತಗೊಂಡ್ಬಾ. ಇದು ಕೆಟ್ಟೇ ಕೆಡತ್ತೆ, ಆಗ ರಿಪೇರಿಗೆ ಯಾರ ಹತ್ರ ಹೋಗ್ತೀಯ?"