ಹನ್ನೆರಡು ಆನೆ ಕಾಸು

ಮೊನ್ನೆ ಬೆಳಿಗ್ಗೆ ಕೊರಿಯರಿನವನು ಕೊಟ್ಟುಹೋದ ಪೊಟ್ಟಣದ ಕಂದು ಟೇಪನ್ನು ಉಗುರಿನಿಂದ ಕೆರೆಯುತ್ತ ಕೂತಿದ್ದೆ. ಒಳಗಿದ್ದದ್ದು ಕುಕ್ಕರಿನ ಗ್ಯಾಸ್ಕೆಟ್ಟು, ಮತ್ತೇನಲ್ಲ. ಆದರೂ ಟೇಪು ಚರ್ರೆಂದು ಕಿತ್ತು ಬಂದು ಅಂಟಿನ ವಾಸನೆ ಮೂಗಿಗೆ ಬಡಿದಾಗ ಪೊಟ್ಟಣವನ್ನು ಅತ್ತ ಸರಿಸಿಬಿಟ್ಟೆ. ಕೆಲವರಿಗೆ ಆಸ್ಪತ್ರೆಯ ವಾಸನೆ ಆಗುವುದಿಲ್ಲವಲ್ಲ, ನನಗೆ ಇದು ಹಾಗೆ. ಯಾಕೆಂದು ನಿಮಗೆ ತಿಳಿಯಬೇಕಾದರೆ ನಂಜಪ್ಪನವರ ವಿಷಯ ಹೇಳಬೇಕು.

ನಂಜಪ್ಪನವರು ಕುರುಬರಹಳ್ಳಿಯ ನಮ್ಮ ಮನೆಯ ಮಾಲೀಕರು. ಕೆಳಗೆ ಅವರೂ ಅವರ ಹೆಂಡತಿಯೂ. ಮೇಲೆ ಬಾಡಿಗೆಗೆ ನಾವು. ರಾಜಾಜಿನಗರದ ಇಂಡಸ್ಟ್ರಿಯಲ್ ಎಸ್ಟೇಟಿನಲ್ಲಿ ಲೇತ್ ಮುಂದೆ ನಿಂತೇ ಆಯುಸ್ಸು ಕಳೆದು ಫೋರ್‌ಮನ್ ಆಗಿ ನಿವೃತ್ತರಾದವರು. ಅಳತೆಯ ಮನುಷ್ಯ. ನಾವು ಗೋಡೆಗೆ ಮೊಳೆ ಹೊಡೆದರೆ ಕೆಳಗಿನಿಂದಲೇ "ಒಂದಿಂಚಿಂದಾ, ಒಂದೂವರೆದಾ?" ಎಂದು ಕೇಳುವರು. ಅವರಿಗಿದ್ದ ಒಂದೇ ಚಟ ಹಳೆಯ ನಾಣ್ಯಗಳದ್ದು. ಅದರಲ್ಲೂ ಆನೆ ಕಾಸು ಎಂದರೆ ಪ್ರಾಣ. ಹಿಂದೆ ಮೈಸೂರು ಸೀಮೆಯಲ್ಲಿ ಓಡಾಡುತ್ತಿದ್ದ ತಾಮ್ರದ ಪುಟ್ಟ ನಾಣ್ಯ ಅದು, ಒಂದು ಮಗ್ಗುಲಲ್ಲಿ ಆನೆಯ ಚಿತ್ರ. ಪ್ರತಿಯೊಂದನ್ನೂ ವರ್ನಿಯರ್ ಹಿಡಿದು ಅಳೆದು, ದಪ್ಪ ಎಷ್ಟು, ಅಂಚು ಎಲ್ಲಿ ಸವೆದಿದೆ ಎಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದರು. ಮೂರು ಕಾಸು ಇದೇ ಮನೆಯ ಪಾಯ ತೋಡುವಾಗ ಸಿಕ್ಕಿದವು. ಆಗಿನ್ನೂ ಇದು ಅವರ ತಂದೆಯ ರಾಗಿ ಹೊಲ. "ಹೊಲ ಎಲ್ಲಾ ಸೈಟಾಗೋಯ್ತು. ಹೊಲದ್ದು ಅಂತ ಉಳ್ದಿರೋದು ಇಷ್ಟೇ ನೋಡಿ" ಎಂದು ಒಮ್ಮೆ ಅಂಗೈ ಮೇಲಿಟ್ಟು ತೋರಿಸಿದ್ದರು.

ಧಾರವಾಡದ ಬಸವಣ್ಣೆಪ್ಪ ಮೇಷ್ಟ್ರು ಅವರಿಗೆ ಗೆಳೆಯರಾದದ್ದೂ ನಾಣ್ಯಗಳ ದೆಸೆಯಿಂದಲೇ. ವಾಟ್ಸ್ಯಾಪ್ ಗುಂಪೊಂದರಲ್ಲಿ ಪರಿಚಯವಾಗಿ, ಆರು ವರ್ಷ ದಿನಾ ಸಂಜೆ ಫೋನಿನಲ್ಲಿ ಹರಟಿದರೂ ಇಬ್ಬರೂ ಒಬ್ಬರ ಮುಖ ಒಬ್ಬರು ಕಂಡಿರಲಿಲ್ಲ. ಮೇಷ್ಟ್ರು ತಾವು ಪಾಠ ಹೇಳಿದ ಶಾಲೆಯಲ್ಲಿ ಮಕ್ಕಳಿಗಾಗಿ ನಾಣ್ಯಗಳ ಪ್ರದರ್ಶನ ಇಡುವವರಿದ್ದರು. ಆನೆ ಕಾಸು ಕೆಲವು ದಿನಕ್ಕೆ ಬೇಕೆಂದರು. ನಂಜಪ್ಪನವರಿಗೆ ಆಗಷ್ಟೇ ಮಂಡಿಯ ಆಪರೇಷನ್ ಆಗಿತ್ತು. "ಕೊಡಿ ಸಾರ್, ಆಫೀಸಿಗೆ ಹೋಗ್ತಾ ನಾನೇ ಕೊರಿಯರ್ ಮಾಡ್ತೀನಿ" ಎಂದೆ. ಉಪಕಾರಕ್ಕೆ ನಾನು ಯಾವಾಗಲೂ ಮುಂದು. ಯೋಚನೆ ಆಮೇಲೆ, ಬಂದರೆ ಬಂತು. ಅವರು ಆ ಮೂರೂ ಸೇರಿದಂತೆ ಹನ್ನೆರಡು ಕಾಸನ್ನು ಹತ್ತಿಯ ನಡುವೆ ಮಲಗಿಸಿ, ಡಬ್ಬಿ ಮುಚ್ಚಿ, ಟೇಪು ಸುತ್ತಿ ಕೊಟ್ಟರು.

ಐದನೆಯ ದಿನ ಸಂಜೆ ಮೇಷ್ಟ್ರ ಫೋನು. ನಾನೂ ಅಲ್ಲೇ ಕೂತಿದ್ದೆ.

"ನಂಜಪ್ಪನವರ, ಇದೇನ್ರೀ ಚ್ಯಾಷ್ಟಿ? ವಾಷರ್ ಕಳಿಸೀರಲ್ರೀ!"

ಹಿಂದೆಯೇ ಫೋಟೋ ಬಂತು. ಹತ್ತಿಯ ನಡುವೆ ಕಬ್ಬಿಣದ ವಾಷರುಗಳು. ನಂಜಪ್ಪನವರು ಬೆರಳಿಟ್ಟು ಎಣಿಸಿದರು, ಮತ್ತೊಮ್ಮೆ ಎಣಿಸಿದರು. ಹನ್ನೆರಡು. "ಎಣಿಸಿ ಹಾಕಿದಾನೆ ನೋಡಿ" ಎಂದರು. ಸಿಟ್ಟಿದ್ದರೆ ಚೆನ್ನಾಗಿತ್ತು, ಆ ದನಿಯಲ್ಲಿ ಸಿಟ್ಟೂ ಇರಲಿಲ್ಲ.

ಮರುದಿನದಿಂದ ಆಟೋದಲ್ಲಿ ನಮ್ಮ ಅಲೆದಾಟ, ಅವರ ಕೈಯಲ್ಲಿ ಊರುಗೋಲು. ಕೊರಿಯರ್ ಅಂಗಡಿಯವನು ಕಂಪ್ಯೂಟರ್ ನೋಡಿ "ಹೋಗಿದ್ದ ತೂಕವೇ ತಲುಪಿದೆಯಲ್ಲ ಸಾರ್" ಎಂದ. ಪೊಲೀಸ್ ಠಾಣೆಯಲ್ಲಿ ಬಿಲ್ ಕೇಳಿದರು. "ನಮ್ಮಪ್ಪನ ಕಾಲದ್ದು ಸಾರ್, ಬಿಲ್ ಎಲ್ಲಿಂದ ತರ್ಲಿ?" ಎಂದು ನಂಜಪ್ಪನವರು ನೋಟ್‌ಬುಕ್ ಮುಂದಿಟ್ಟರು. ಪೇದೆ ನಾಲ್ಕು ಪುಟ ತಿರುವಿದವರು ಎದ್ದು ತಾವೇ ಒಂದು ಕುರ್ಚಿ ತಂದುಹಾಕಿದರು. ದೂರು ಬರೆದುಕೊಂಡರು. "ಸಿಕ್ಕಿದ್ರೆ ಹೇಳ್ತೀವಿ ಯಜಮಾನ್ರೇ. ಆದ್ರೆ ಜಾಸ್ತಿ ಆಸೆ ಇಟ್ಕೋಬೇಡಿ."

ಇಷ್ಟೂ ದಿನ ನಾನು ಅವರ ಪಕ್ಕದಲ್ಲೇ ಇದ್ದೆ. ಒಂದು ಮಾತನ್ನು ಮಾತ್ರ ಹೇಳಿರಲಿಲ್ಲ, ನನ್ನ ಹೆಂಡತಿಗೂ ಕೂಡ. ಆ ದಿನ ಕೊರಿಯರಿನವನು "ಒಳಗೆ ಏನಿದೆ ಸಾರ್?" ಎಂದಾಗ ಮಾತ್ರೆ ಎನ್ನಬಹುದಿತ್ತು. ಕ್ಯೂನಲ್ಲಿ ನಾಲ್ಕೈದು ಜನ ಇದ್ದರು. ನನಗೆ ಅದೇನು ಹುಮ್ಮಸ್ಸು ಬಂತೋ! "ಇನ್ನೂರು ವರ್ಷದ ನಾಣ್ಯ ಕಣ್ರೀ! ನಮ್ಮ ಓನರ್ ಸಂಗ್ರಹ. ದುಡ್ಡು ಕೊಟ್ರೂ ಸಿಗಲ್ಲ" ಎಂದು ಎಲ್ಲರಿಗೂ ಕೇಳುವ ಹಾಗೆ ಹೇಳಿದ್ದೆ.

ಧಾರವಾಡದ ಫೋನು ದಿನಾ ಇದ್ದದ್ದು ವಾರಕ್ಕೊಂದಾಯಿತು, ಆಮೇಲೆ ಹಬ್ಬಕ್ಕೊಂದು. ಒಮ್ಮೆ ನಂಜಪ್ಪನವರು ಎಲ್ಲೋ ನೋಡುತ್ತ "ಡಬ್ಬಿ ಬಿಚ್ಚುವಾಗ ಮೇಷ್ಟ್ರ ಜೊತೆ ಯಾರೂ ಇರ್ಲಿಲ್ವಂತೆ" ಎಂದರು. ಹೇಳಿದ ಮೇಲೆ ತಾವೇ ನಾಚಿದರು. ಆ ಅನುಮಾನ ಅಲ್ಲೇ ನಿಲ್ಲಲು ನನ್ನದೊಂದು ಮಾತು ಸಾಕಿತ್ತು. "ಹಂಗೆಲ್ಲ ಇರಲ್ಲ ಬಿಡಿ ಸಾರ್" ಎಂದು ಮೆಟ್ಟಿಲು ಹತ್ತಿ ಬಂದುಬಿಟ್ಟೆ.

ಒಂದು ಭಾನುವಾರ ಬೆಳಿಗ್ಗೆ ಗೇಟಿನ ಬಳಿ ಹಿರಿಯರೊಬ್ಬರು ಭಾರದ ಕೈಚೀಲ ಹಿಡಿದು ನಿಂತಿದ್ದರು. "ನಂಜಪ್ಪನವರ ಮನಿ ಇದೇ ಏನ್ರಿ?" ಎಂದು ನನ್ನನ್ನೇ ಕೇಳಿದರು. ದನಿ ಕೇಳಿದ ಕೂಡಲೇ ಯಾರೆಂದು ತಿಳಿಯಿತು. ಒಳಗೆ ಕರೆದುಕೊಂಡು ಹೋದೆ. ಮೇಷ್ಟ್ರು ಕೂರಲಿಲ್ಲ, ಕಾಫಿ ಮುಟ್ಟಲಿಲ್ಲ. ಚೀಲದಿಂದ ಆಲ್ಬಮ್ಮುಗಳನ್ನು ಒಂದೊಂದಾಗಿ ತೆಗೆದು ಟೀಪಾಯಿಯ ಮೇಲೆ ಜೋಡಿಸಿದರು.

"ನನ್ನ ಕಡೆ ಇರೋದೆಲ್ಲಾ ತಂದೀನ್ರಿ. ನಿಮ್ಮ ನೋಟ್‌ಬುಕ್ ತಗೀರಿ, ಅಳತಿ ಹಚ್ಚಿ ನೋಡ್ರಿ. ನಿಮ್ಮವು ಇದರಾಗ ಅದಾವೇನು?"

"ಮೇಷ್ಟ್ರೇ, ನಾನು ಹಂಗಂದಿಲ್ವಲ್ಲಾ..."

"ಅಂದಿಲ್ರಿ. ಅದಕ್ಕ ಬಂದೀನಿ. ಅಂದಿದ್ರ ಫೋನಿನ್ಯಾಗ ಜಗಳಾ ಆಡ್ತಿದ್ದೆ."

ನಂಜಪ್ಪನವರು ನೋಟ್‌ಬುಕ್ ತೆಗೆಯಲಿಲ್ಲ. ಎಪ್ಪತ್ತು ದಾಟಿದ ಇಬ್ಬರು, ಮೊದಲ ಸಲ ಎದುರುಬದುರಾದವರು, ಒಬ್ಬರ ಮುಖ ಒಬ್ಬರು ನೋಡಲಾರದೆ ನಿಂತಿದ್ದರು. ನನ್ನಿಂದ ತಡೆಯಲಾಗಲಿಲ್ಲ.

"ಸಾರ್, ತಪ್ಪು ನಂದು" ಎಂದೆ. ಕ್ಯೂನಲ್ಲಿ ಆಡಿದ ಮಾತನ್ನೆಲ್ಲ ಹೇಳಿದೆ. ಇನ್ನು ಮನೆ ಖಾಲಿ ಮಾಡುವುದೊಂದೇ ಎಂದುಕೊಂಡೆ.

ನಂಜಪ್ಪನವರು ನನ್ನ ಕಡೆ ತಿರುಗಿದರು. "ಎಲ್ರ ಮುಂದೆ ಏನಂದೆ? ಇನ್ನೊಂದ್ಸಲ ಹೇಳು" ಎಂದರು.

"ಇನ್ನೂರು ವರ್ಷದ್ದು, ದುಡ್ಡು ಕೊಟ್ರೂ ಸಿಗಲ್ಲ ಅಂದೆ ಸಾರ್."

"ಇಷ್ಟು ವರ್ಷದಲ್ಲಿ ನಮ್ಮನೇವ್ರೂ ಯಾರ ಹತ್ರಾನೂ ಹಂಗಂದಿಲ್ಲ ಕಣೋ" ಎಂದರು. ಅವರ ಕಣ್ಣು ತುಂಬಿತ್ತು. "ಆದ್ರೆ ಇಷ್ಟು ದಿನ ಬಾಯ್ಮುಚ್ಕೊಂಡು ನಮ್ಮಿಬ್ರುನ್ನ ಹಿಂಗೆ ಮಾಡಿದ್ಯಲ್ಲಾ, ಅದಕ್ಕೆ ಎರಡು ಬಿಡ್ಬೇಕು ನಿಂಗೆ."

"ಬಿಡ್ರಿ, ನಾ ಹಿಡ್ಕೋತೀನಿ" ಎಂದು ಮೇಷ್ಟ್ರು ಮೊದಲು ನಕ್ಕು, ಆರಿದ ಕಾಫಿಯನ್ನೇ ಎತ್ತಿ ಕುಡಿದರು. ಎಂಟು ವರ್ಷದಿಂದ ನನ್ನನ್ನು 'ನೀವು' ಎನ್ನುತ್ತಿದ್ದ ನಂಜಪ್ಪನವರು 'ನೀನು' ಎಂದಿದ್ದಾರೆಂದು ಹೊಳೆದದ್ದು ನನಗೆ ಆಮೇಲೆ. ಅವತ್ತು ಸಂಜೆಯವರೆಗೂ ಇಬ್ಬರೂ ಮೇಷ್ಟ್ರ ನಾಣ್ಯಗಳನ್ನು ಅಳೆದರು, ಸುಮ್ಮನೆ, ಖುಷಿಗೆ.

ಆ ಹನ್ನೆರಡು ಕಾಸು ಸಿಗಲಿಲ್ಲ, ಇನ್ನು ಸಿಗುವುದೂ ಇಲ್ಲ. ನೋಟ್‌ಬುಕ್ಕಿನಲ್ಲಿ ಹೊಲದ ಆ ಮೂರರ ಪುಟ ಬಂದಾಗ ನಂಜಪ್ಪನವರು ಈಗಲೂ ಕೊಂಚ ತಡೆದು ತಿರುವುತ್ತಾರೆ; ನಾನು ಬೇರೆ ಕಡೆ ನೋಡುತ್ತೇನೆ. ಈ ವರ್ಷ ಶಾಲೆಯಲ್ಲಿ ಮತ್ತೆ ಪ್ರದರ್ಶನವಂತೆ. ನಂಜಪ್ಪನವರಿಗೆ ಈಗ ಇನ್ನೊಂದು ಮಂಡಿಯ ತೊಂದರೆ. ನಿನ್ನೆ ಸಂಜೆ ಗಿಡಕ್ಕೆ ನೀರು ಹಾಕುತ್ತಿದ್ದಾಗ ಕೆಳಗಿನಿಂದ ಅವರ ಫೋನಿನ ಮಾತು ಕೇಳಿಸಿತು.

"ಕೊರಿಯರ್ ಗಿರಿಯರ್ ಏನೂ ಬೇಡ ಮೇಷ್ಟ್ರೇ. ನಮ್ಮವನೇ ತರ್ತಾನೆ."