ಮೂರು ಎಣಿಸುವ ಸಾರ್ಜೆಂಟ್

ಇಪ್ಪತ್ತೆರಡು ವರ್ಷ ಸೇನಾ ಪೊಲೀಸಿನಲ್ಲಿದ್ದ ನಮ್ಮ ಮಿಸೌರಿಯ ಊರಿನ ಸಾರ್ಜೆಂಟ್ ಲೊವೆಲ್ ಟ್ಯಾಟಮ್ ರಜೆಗೆ ಬಂದರೆ ಸಮವಸ್ತ್ರಕ್ಕೆ ರಜೆ ಸಿಗುತ್ತಿತ್ತೇ ಹೊರತು ಅವನಿಗಲ್ಲ. ಭಾನುವಾರ ಚರ್ಚ್ ಬಿಟ್ಟಾಗ ಪಾದ್ರಿಯ ಕಾರಿಗೂ ಕೈ ಅಡ್ಡ ಹಿಡಿಯುತ್ತಿದ್ದ. ತನ್ನ ಮದುವೆಯ ದಿನವೇ ಅತ್ತೆ ಸೀಟ್ ಬೆಲ್ಟ್ ಹಾಕುವವರೆಗೆ ಗಾಡಿ ಹೊರಡಿಸಲಿಲ್ಲ. ಅವನ ಪ್ರಾಣವೆಲ್ಲ ಇದ್ದದ್ದು ಮನೆಯೆದುರು, ಗಿರಣಿ ರಸ್ತೆಯ ಮೂಲೆಯ ‘ನಿಲ್ಲಿ’ ಫಲಕದಲ್ಲಿ. ಅಲ್ಲಿ ಸ್ವಲ್ಪ ನಿಧಾನ ಮಾಡಿ ಜಾರಿಕೊಳ್ಳುವುದು ನಮ್ಮೆಲ್ಲರ ಅಭ್ಯಾಸ. ಅವನು ಹುಲ್ಲು ಕತ್ತರಿಸುವ ಯಂತ್ರ ಬಿಟ್ಟು ಓಡಿ ಬರುತ್ತಿದ್ದ. “ವೆಲ್ಡಕ್ಕಾ, ಗಾಲಿ ಪೂರ್ತಿ ನಿಲ್ಬೇಕು! ಒಂದು, ಎರಡು, ಮೂರು ಎಣಿಸಿ, ಆಮೇಲೆ ಹೊರಡಿ.” “ನೀನು ಎಣಿಸ್ತಾ ಇರು ಮಾರಾಯ, ನನ್ನ ಐಸ್‌ಕ್ರೀಮು ಕರಗಿ ನೀರಾಗ್ಲಿ,” ಎಂದು ನಾನು ಬೈಯುತ್ತಿದ್ದೆ. ಬೈಯುತ್ತಲೇ ಎಣಿಸುವುದು ರೂಢಿಯಾಯಿತು. ಒಂದು ಬೆಳಿಗ್ಗೆ ಅದೇ ಮೂಲೆಯಲ್ಲಿ ನಿಂತು ‘ಎರಡು’ ಅನ್ನುವಷ್ಟರಲ್ಲಿ ಮರದ ದಿಮ್ಮಿಯ ಲಾರಿಯೊಂದು ಬ್ರೇಕ್ ಹಿಡಿಯದೆ ನನ್ನ ಕಾರಿನ ಮೂತಿ ಸವರಿಕೊಂಡು ಹೋಯಿತು. ಪಕ್ಕದಲ್ಲಿ ನನ್ನ ಗಂಡ ಕೂತಿದ್ದ. ಪೀಚ್ ಹಣ್ಣಿನ ಪೈ ಮಾಡಿಕೊಂಡು ಹೋಗಿ ಸಾರ್ಜೆಂಟನಿಗೆ ಎಲ್ಲ ಹೇಳಿದೆ. “ಸರಿ, ಲಾರಿ ಹೋದ್ಮೇಲೆ ಮೂರೂ ಎಣಿಸಿದ್ರಾ?” ಎಂದು ಕೇಳಿದ. ರಜೆ ಮುಗಿಸಿ ಹೋದವನು ಆ ಚಳಿಗಾಲದಲ್ಲಿ ಇರಾಕಿನ ತಪಾಸಣಾ ಠಾಣೆಯೊಂದರಲ್ಲಿ ಬಾಂಬು ಸಿಡಿದು ತೀರಿಕೊಂಡ. ಶವಯಾತ್ರೆಗೆ ನಮ್ಮಲ್ಲಿ ಎಲ್ಲರೂ ದಾರಿ ಬಿಡುತ್ತಾರೆ, ಅದು ಯಾವ ಫಲಕಕ್ಕೂ ನಿಲ್ಲಬೇಕಿಲ್ಲ. ಆದರೂ ಗಿರಣಿ ರಸ್ತೆಯ ಮೂಲೆಯಲ್ಲಿ ಅವನನ್ನು ಹೊತ್ತ ಕಪ್ಪು ಗಾಡಿ ಪೂರ್ತಿ ನಿಂತಿತು, ಮೂರು ಎಣಿಸುವಷ್ಟು ಹೊತ್ತು. ಹಿಂದಿದ್ದ ಅರವತ್ತು ಕಾರುಗಳೂ ಒಂದೊಂದಾಗಿ ಹಾಗೆಯೇ ನಿಂತು ಹೊರಟವು. ನನ್ನ ಸರದಿ ಬಂದಾಗ ಮೂರು ಎಣಿಸಿದ ಮೇಲೂ ನನಗೆ ಹೊರಡಲಾಗಲಿಲ್ಲ. ಹಿಂದಿನವರು ಯಾರೂ ಹಾರ್ನ್ ಮಾಡಲಿಲ್ಲ.