ಕಾಲು ರೊಟ್ಟಿ

ಶ್ವಾಸಕೋಶದ ಸೋಂಕಿಗೆಂದು ನನ್ನ ಹೆಂಡತಿಗೆ ವಾರಗಟ್ಟಲೆ ಆಂಟಿಬಯೋಟಿಕ್ ಕೊಟ್ಟರು. ಸೋಂಕು ಹೋಯಿತು, ಭೇದಿ ಹತ್ತಿಕೊಂಡಿತು. ಸದಾಶಿವನಗರದ ನಮ್ಮ ಮನೆಯಲ್ಲಿ ಅವಳು ಹಾಸಿಗೆಯಿಂದ ಬಚ್ಚಲಿಗೆ ಗೋಡೆ ಹಿಡಿದು ಹೋಗುತ್ತಿದ್ದಳು. ಭೇದಿ ತಗ್ಗಿದ ಮೇಲೂ ತಿನ್ನಲು ಹೆದರಿದಳು. ಬೆಳಿಗ್ಗೆ ಅನ್ನದ ಗಂಜಿ, ಸಂಜೆ ಅದೇ ಗಂಜಿ. ಬಳೆಗಳು ಮೊಣಕೈಯವರೆಗೆ ಜಾರುತ್ತಿದ್ದವು. ಹೀಗೇ ಹೋದರೆ ಅವಳು ಉಳಿಯುವುದಿಲ್ಲ ಎಂದು ನನಗೆ ಅನ್ನಿಸತೊಡಗಿತ್ತು. ಯಾರಿಗೂ ಹೇಳಿರಲಿಲ್ಲ.

ಡಾಕ್ಟರಮ್ಮ ಗಂಜಿಯೊಂದೇ ಸಾಲದು ಎಂದರು. ಔಷಧಿ ಕೆಟ್ಟ ಬ್ಯಾಕ್ಟೀರಿಯಾದ ಜೊತೆಗೆ ಕರುಳಿನ ಒಳ್ಳೆಯವನ್ನೂ ಕೊಂದಿದೆ, ಉಳಿದವಕ್ಕೆ ಆಹಾರ ಬೇಕು. ಕಾಳು, ಉಳ್ಳಾಗಡ್ಡಿ, ರೊಟ್ಟಿಯೊಳಗಿನ ನಾರನ್ನು ನಾವು ಅರಗಿಸಲಾರೆವು, ಅದು ದೊಡ್ಡ ಕರುಳಿನವರೆಗೆ ಹಾಗೆಯೇ ಹೋಗುತ್ತದೆ. ಅಲ್ಲಿ ಈ ಬ್ಯಾಕ್ಟೀರಿಯಾಗಳು ಅದನ್ನು ಹುಳಿ ಬರಿಸಿ ತಿನ್ನುತ್ತವೆ. ಆಗ ಹುಟ್ಟುವ ಆಮ್ಲದಿಂದಲೇ ಕರುಳಿನ ಒಳಪದರ ಬದುಕುತ್ತದೆ. "ಕಾಲು ರೊಟ್ಟಿಯಿಂದ ಶುರು ಮಾಡ್ರಿ. ಅವಸರ ಬ್ಯಾಡ."

ಖಾನಾಪುರದಿಂದ ಅವಳ ಮೌಶಿ, ತಾಯಿಯ ತಂಗಿ, ನೋಡಿಕೊಳ್ಳಲು ಬಂದಿದ್ದರು. ಕಾಲು ರೊಟ್ಟಿ ಎಂದಾಗ ಅವರ ಮುಖ ಕಪ್ಪಿಟ್ಟಿತು.

"ಒಂದ ರೊಟ್ಟಿ ನೀಡೂದ ಸತ್ತವರ ಎಡಿಗೆ, ಅಳ್ಯಾರ. ಬದುಕಿದವರಿಗಿ ಎರಡರ ನೀಡಬೇಕು. ನೀವು ಕಾಲು ಅಂತೀರಲ್ರೀ!"

ನಾನು ಔಷಧಿ ತರಲು ಹೋಗಿ ಬರುವಷ್ಟರಲ್ಲಿ ಎರಡು ರೊಟ್ಟಿ, ಮಡಕಿ ಕಾಳಿನ ಪಲ್ಯ, ಹಸಿ ಉಳ್ಳಾಗಡ್ಡಿ ಅವಳ ಹೊಟ್ಟೆ ಸೇರಿದ್ದವು. ಆಣೆ ಹಾಕಿ ತಿನ್ನಿಸಿದ್ದರು. ಸಂಜೆಗೆ ಹೊಟ್ಟೆ ಉಬ್ಬಿ ಅವಳು ಮೊಣಕಾಲು ಮಡಚಿ ಮುಲುಗಿದಳು. ಡಾಕ್ಟರಮ್ಮ ಫೋನಿನಲ್ಲಿ, ಇರುವ ಬ್ಯಾಕ್ಟೀರಿಯಾಕ್ಕೆ ಒಮ್ಮೆಲೇ ಅಷ್ಟು ನಾರು ಸಿಕ್ಕರೆ ವಾಯು ತುಂಬುತ್ತದೆ, ನಾಳೆಗೆ ಇಳಿಯುತ್ತದೆ ಎಂದರು. ಇಳಿಯಿತು. ಆದರೆ ಅವಳು ಗಂಜಿಯನ್ನೂ ದೂರ ಸರಿಸಿದಳು.

ಮೌಶಿ ಅಡುಗೆಮನೆಯಲ್ಲಿ ಉಳಿದ ರೊಟ್ಟಿಗಳನ್ನು ಬಟ್ಟೆಯಲ್ಲಿ ಸುತ್ತಿಡುತ್ತಿದ್ದರು. ಅವರನ್ನು ಬಯ್ಯಲು ನನಗೆ ತ್ರಾಣವಿರಲಿಲ್ಲ.

ಮರುದಿನ ಮಧ್ಯಾಹ್ನ ಅವರು ಒಂದು ರೊಟ್ಟಿಯ ಕಾಲು ಭಾಗ ಮುರಿದರು. ಅದನ್ನೇ ಮತ್ತೆ ಎರಡು ಮಾಡಿ ತಟ್ಟೆಯಲ್ಲಿ ಅಕ್ಕಪಕ್ಕ ಇಟ್ಟರು.

"ತಗೋ. ಎರಡ ಅದಾವ. ಇನ್ನ ಡಾಕ್ಟರೂ ಬೈಯೂದಿಲ್ಲ, ದೇವರೂ ಬೈಯೂದಿಲ್ಲ."

"ಗುಬ್ಬಿಗಿ ಹಾಕಿದಂಗ ಆತಲ್ಲ ಮೌಶಿ," ಎಂದಳು ಹೆಂಡತಿ.

"ಗುಬ್ಬಿನರ ತಿಂತೈತಿ. ನೀ ತಿನ್ನು ನೋಡೂಣು."

ತಿಂದಳು. ಪ್ರತಿ ತುತ್ತನ್ನೂ ಬಹಳ ಹೊತ್ತು ಅಗಿದಳು. ಆಮೇಲೆ ಒರಗಿಕೊಂಡಳು, ನಾನು ಬಾಗಿಲ ಬಳಿ ಕುರ್ಚಿ ಹಾಕಿಕೊಂಡೆ. ಅವಳ ಹೊಟ್ಟೆ ಗುಡುಗಿದ್ದು ನನಗೂ ಕೇಳಿಸಿತು. ಕಣ್ಣು ತೆರೆದು ಕಾದಳು. ನಾನು ಬಚ್ಚಲಿಗೆ ಕರೆದೊಯ್ಯಲು ಎದ್ದು ನಿಂತೆ. ಅವಳು ಕೈಸನ್ನೆಯಲ್ಲೇ ಬೇಡವೆಂದು, ಗೋಡೆಯ ಕಡೆ ಹೊರಳಿ ನಿದ್ದೆ ಹೋದಳು.

ಸಂಜೆ ಎದ್ದಾಗ ಅಂದಳು: "ನಾಳಿಗೂ ಅಷ್ಟ ಮಾಡಾಕ ಹೇಳ್ರಿ. ಹೆಚ್ಚಿಗಿ ಬ್ಯಾಡ."